ಬೂಟ್ ಪಾರ್ಟಿಷನ್ ತುಂಬಿ ಉಬುಂಟು ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ

ಮನೆಯ ಡೆಸ್ಕ್‌ಟಾಪ್‌ನಲ್ಲಿ ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇದೆ. ಎಂದಿನಂತೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ 'ಸುಡೋ ಆಪ್ಟ್ ಅಪ್‌ಗ್ರೇಡ್' ಕಮಾಂಡ್ ಕೊಟ್ಟೆ, ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡೌನ್‌ಲೋಡ್ ಆಯಿತು, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಪರದೆ ತುಂಬ ಎರರ್. ಕೊನೆಯ ಸಾಲಿನಲ್ಲಿ ಡಿಪಿಕೆಜಿ (ಆಪ್ಟ್ ಪರವಾಗಿ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಪ್ರೋಗ್ರಾಮ್) ಎರರ್ ಕೋಡ್ 1 ಕೊಟ್ಟಿತು ಅಂತ ಇತ್ತು. ಆ ಸಾಲನ್ನು ಗೂಗಲ್ ಮಾಡಿ ಉಪಯೋಗವಿಲ್ಲ, ಯಾವ ಪ್ಯಾಕೇಜ್ ಯಾವ ಕಾರಣಕ್ಕೆ ಕೆಟ್ಟರೂ ಕೊನೆಗೆ ಬರುವುದು ಅದೇ. ಮೊದಲ ಎರರ್ ಹುಡುಕಬೇಕು. ಮೇಲಕ್ಕೆ ಸ್ಕ್ರಾಲ್ ಮಾಡಿ, ಅದು ಹೋಗಿಬಿಟ್ಟಿದ್ದರೆ /ವಾರ್/ಲಾಗ್/ಆಪ್ಟ್ ಒಳಗಿನ ಟರ್ಮ್.ಲಾಗ್ ತೆರೆಯಿರಿ. ನನಗೆ ಅಲ್ಲಿ ಸಿಕ್ಕಿದ್ದು 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'.

ಡಿಸ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇತ್ತು! ಯಾವ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಭಾಗ) ಎಷ್ಟು ಜಾಗ ಇದೆ ಅಂತ ತೋರಿಸುವ 'ಡಿಎಫ್ -ಎಚ್' ಕೊಟ್ಟು ನೋಡಿದಾಗ ಗೊತ್ತಾಯಿತು, ತುಂಬಿದ್ದು ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳಿರುವ /ಬೂಟ್ ಮಾತ್ರ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಸಿ ಇನ್‌ಸ್ಟಾಲ್ ಮಾಡಿದರೆ ಬೂಟ್‌ಗೆ ಬೇರೆ ಪಾರ್ಟಿಷನ್ ಬರುತ್ತದೆ, ನನ್ನದು ಸುಮಾರು 700 ಎಂಬಿ. ಪ್ರತಿ ಕರ್ನಲ್‌ಗೂ ಅಲ್ಲಿ ಒಂದು ಇನಿಟ್‌ಆರ್‌ಡಿ ಫೈಲ್ (ಬೂಟ್ ಆಗುವಾಗ ಡಿಸ್ಕ್ ತೆರೆಯಲು ಬೇಕಾದ ಡ್ರೈವರ್‌ಗಳಿರುವ ಫೈಲ್) ತಯಾರಾಗುತ್ತದೆ, ಇಲ್ಲಿ ಒಂದೊಂದೂ 100 ಎಂಬಿ ದಾಟಿತ್ತು. ಹಳೆ ಕರ್ನಲ್‌ಗಳು ಹಾಗೇ ಉಳಿದು ಜಾಗ ತುಂಬಿಹೋಗಿತ್ತು.

ಈ ಹಂತದಲ್ಲಿ ದಯವಿಟ್ಟು ರೀಸ್ಟಾರ್ಟ್ ಮಾಡಬೇಡಿ. ಕಂಪ್ಯೂಟರ್ ಕೈಕೊಟ್ಟರೆ ಆಫ್ ಮಾಡಿ ಆನ್ ಮಾಡುವುದು ಎಲ್ಲರ ಅಭ್ಯಾಸ, ಅಲ್ವಾ? ಆದರೆ ಹೊಸ ಕರ್ನಲ್‌ಗೆ ಇನಿಟ್‌ಆರ್‌ಡಿ ಪೂರ್ತಿ ಆಗಿರದಿದ್ದರೆ ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯುವುದೇ ಇಲ್ಲ. ಅಕಸ್ಮಾತ್ ಮಾಡಿಬಿಟ್ಟಿದ್ದರೆ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆ ಕರ್ನಲ್ ಆರಿಸಿ.

ಮುಂದಿನದು ನಿಜವಾಗಿ ತಲೆ ತಿನ್ನುವ ಭಾಗ. ಬೇಡದ ಪ್ಯಾಕೇಜ್‌ಗಳನ್ನು ತೆಗೆಯುವ 'ಆಪ್ಟ್ ಆಟೋರಿಮೂವ್' ಕೊಟ್ಟರೆ ಮೊದಲು ಅರ್ಧಕ್ಕೆ ನಿಂತದ್ದನ್ನು ಸರಿಪಡಿಸುವ '--ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಮಾಡು ಅನ್ನುತ್ತದೆ, ಅದನ್ನು ಮಾಡಹೋದರೆ ಜಾಗ ಇಲ್ಲ. ಆಪ್ಟ್ ಬಿಟ್ಟು ನೇರವಾಗಿ ಡಿಪಿಕೆಜಿಗೆ ಹೇಳುವುದೇ ನಾನು ಹಿಡಿದ ದಾರಿ. 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಬರೆದಿಟ್ಟುಕೊಂಡೆ, ಅದನ್ನು ಮುಟ್ಟಲೇಬಾರದು. ಇರುವ ಪ್ಯಾಕೇಜ್‌ಗಳನ್ನು ತೋರಿಸುವ 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯ ಕರ್ನಲ್ ಹುಡುಕಿ, ಅದರ ಲಿನಕ್ಸ್-ಇಮೇಜ್, ಲಿನಕ್ಸ್-ಮಾಡ್ಯೂಲ್ಸ್, ಮಾಡ್ಯೂಲ್ಸ್-ಎಕ್ಸ್‌ಟ್ರಾ ಮೂರು ಪ್ಯಾಕೇಜ್‌ಗಳನ್ನೂ ಪೂರ್ತಿ ತೆಗೆದುಹಾಕುವ ಒಂದೇ 'ಡಿಪಿಕೆಜಿ --ಪರ್ಜ್' ಕಮಾಂಡಿನಲ್ಲಿ ಕೊಟ್ಟೆ. ಒಂದೊಂದಾಗಿ ಕೊಟ್ಟರೆ ಇನ್ನೊಂದಕ್ಕೆ ಇದು ಬೇಕು ಅಂತ ತಕರಾರು ತೆಗೆಯುತ್ತದೆ. ಬೂಟ್ ಒಳಗೆ ಕೈಹಾಕಿ ಸುಮ್ನೆ ಆರ್‌ಎಮ್ (ಫೈಲ್ ಅಳಿಸುವ ಕಮಾಂಡ್) ಮಾಡಬೇಡಿ, ಫೈಲ್ ಹೋದರೂ ಡಿಪಿಕೆಜಿಯ ಲೆಕ್ಕದಲ್ಲಿ ಪ್ಯಾಕೇಜ್ ಇದ್ದೇ ಇರುತ್ತದೆ.

ಜಾಗ ಸಿಕ್ಕ ಮೇಲೆ ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಪೂರ್ತಿಮಾಡಲು 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಎರಡೂ ಸಲೀಸಾಗಿ ಮುಗಿದವು. 'ಡಿಪಿಕೆಜಿ --ಆಡಿಟ್' ಕೊಟ್ಟಾಗ ಏನೂ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ. ಆಗ ಧೈರ್ಯವಾಗಿ ರೀಸ್ಟಾರ್ಟ್ ಮಾಡಿದೆ.

ಹಳೆ ಕರ್ನಲ್‌ಗಳು ತಾವಾಗೇ ಹೋಗಬೇಕಿತ್ತಲ್ಲ, ಯಾಕೆ ಉಳಿದವು? ನಾವೇ ಕೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳನ್ನು ಪಟ್ಟಿಮಾಡುವ 'ಆಪ್ಟ್-ಮಾರ್ಕ್ ಶೋಮ್ಯಾನುಯಲ್' ನೋಡಿದೆ. ಹಿಂದೆ ವೈಫೈ ಕಾರ್ಡಿಗಾಗಿ ವರ್ಷನ್ ನಂಬರ್ ಸಮೇತ ಹಾಕಿಕೊಂಡಿದ್ದ ಕರ್ನಲ್‌ಗಳು ಆ ಪಟ್ಟಿಯಲ್ಲಿದ್ದವು. ಬಳಕೆದಾರರೇ ಕೇಳಿ ಹಾಕಿಸಿಕೊಂಡದ್ದನ್ನು ಆಟೋರಿಮೂವ್ ತೆಗೆಯುವುದಿಲ್ಲ. 'ಆಪ್ಟ್-ಮಾರ್ಕ್ ಆಟೋ' ಮಾಡಿ ಆ ಗುರುತು ಬದಲಿಸಿ, ಆಟೋರಿಮೂವ್‌ನಿಂದ ಅವನ್ನೂ ತೆಗೆಸಿದೆ.

ಇನಿಟ್‌ಆರ್‌ಡಿ ಹೇಗೆ ತಯಾರಾಗಬೇಕು ಅಂತ ಹೇಳುವ ಇನಿಟ್‌ಆರ್‌ಎಎಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ 'ಮಾಡ್ಯೂಲ್ಸ್=ಡೆಪ್' ಅಂತ ಬದಲಾಯಿಸಿದರೆ ಇನಿಟ್‌ಆರ್‌ಡಿ ತುಂಬ ಚಿಕ್ಕದಾಗುತ್ತದೆ. ಆದರೆ ಆಗ ಈ ಮಷೀನಿಗೆ ಬೇಕಾದ ಡ್ರೈವರ್ ಮಾತ್ರ ಒಳಗಿರುತ್ತವೆ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಬೂಟ್ ಆಗದೇ ಇರಬಹುದು. ಅದಕ್ಕೇ ನಾನು ಮೊದಲಿದ್ದ 'ಮೋಸ್ಟ್' (ಹೆಚ್ಚಿನ ಡ್ರೈವರ್‌ಗಳನ್ನೂ ಸೇರಿಸುವುದು) ಅಂತಲೇ ಬಿಟ್ಟಿದ್ದೇನೆ.