ಕೆಂಪಿಯ ಕಾಯಿಲೆಗೆ ಹೆಸರು ಸಿಕ್ಕಿದ್ದು ಅಡಿಕೆ ಲೆಕ್ಕದ ಪುಸ್ತಕದಲ್ಲಿ

ನಮ್ಮ ಕೆಂಪಿ ನಾಟಿ ನಾಯಿ. ಬೇಯಿಸಿ ಒಣಗಿಸಿದ ಅಡಿಕೆಯ ಬಣ್ಣ, ಅದಕ್ಕೇ ಆ ಹೆಸರು. ತೀರ್ಥಹಳ್ಳಿಯಿಂದ ಆರೇಳು ಕಿಲೋಮೀಟರ್ ಒಳಗೆ ನಮ್ಮ ಮನೆ. ಕಾಯಿಲೆ ಶುರುವಾದಾಗ ಅವಳಿಗೆ ನಾಲ್ಕು ವರ್ಷ, ತೂಕ 18 ಕೆಜಿ. ಅಲ್ಲಿಯವರೆಗೆ ಒಂದು ಹೊತ್ತು ಊಟ ಬಿಟ್ಟವಳಲ್ಲ.

ಎರಡು ವರ್ಷದ ಹಿಂದಿನ ಜೂನ್. ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಸುತ್ತಿದ್ದೆವು. ಅಂಗಳದ ತುಂಬ ಜನ, ಡ್ರಮ್ಮು, ಪಂಪಿನ ಸದ್ದು. ಎರಡನೇ ದಿನ ಸಂಜೆ ಕೆಂಪಿ ಅನ್ನವನ್ನು ಮೂಸಿ ನೋಡಿ ಹಾಗೇ ತಿರುಗಿ ಹೋದಳು. ರಾತ್ರಿ ಮೂರು ಸಲ ವಾಂತಿ. ಬೆಳಗ್ಗೆ ಏಳಲು ಹೋದರೆ ಹಿಂಗಾಲು ನಡುಗುತ್ತಿತ್ತು.

ಎಲ್ಲರಿಗೂ ಮೊದಲು ಹೊಳೆದದ್ದು ಮೈಲುತುತ್ತ. ಕರಗಿಸಿಟ್ಟ ಡ್ರಮ್ಮಿಗೆ ಬಾಯಿ ಹಾಕಿರಬೇಕು ಅಂತ ಕೊನೆಗಾರರೂ ಹೇಳಿದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ವಾಂತಿ ಯಾವ ಬಣ್ಣ ಇತ್ತು?" ಮೈಲುತುತ್ತ ಹೊಟ್ಟೆಗೆ ಹೋಗಿದ್ದರೆ ನೀಲಿ-ಹಸಿರು ಬರುತ್ತದಂತೆ. ಇವಳದು ಹಳದಿ ನೊರೆ. ಹೊಟ್ಟೆಯ ಸೋಂಕು ಇರಬಹುದು ಅಂತ ಡ್ರಿಪ್ ಹಾಕಿದರು, ಒಂದು ಇಂಜೆಕ್ಷನ್ ಕೊಟ್ಟರು. ಮಾರನೇ ದಿನ ಕೆಂಪಿ ಎದ್ದು ಬಾಲ ಆಡಿಸಿದಳು. ಮೂರನೇ ದಿನ ದನ ಅಟ್ಟಿಸಿಕೊಂಡು ಹೋದಳು. ನಾವು ಅದನ್ನು ಮರೆತೇಬಿಟ್ಟೆವು.

ಜುಲೈಯಲ್ಲಿ ಮತ್ತೆ ಬಂತು. ನಾದಿನಿಯ ಮಗುವಿನ ನಾಮಕರಣಕ್ಕೆ ಮನೆ ತುಂಬ ನೆಂಟರು. ಅವರು ಹೊರಟ ಮರುದಿನವೇ ಕೆಂಪಿ ಊಟ ಬಿಟ್ಟಳು. ಈ ಸಲ ಅನುಮಾನ ಹೋಗಿದ್ದು ಉಣುಗಿನ ಮೇಲೆ. ಅದು ತಪ್ಪೂ ಅಲ್ಲ. ನಮ್ಮ ಕಡೆ ಕಾಡಿನಂಚಿನಲ್ಲಿ ಓಡಾಡುವ ನಾಯಿಯ ಕಿವಿಯೊಳಗೆ ಉಣುಗು ಇಲ್ಲದ ದಿನ ಇಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣುಗು ಅಂದರೆ ನಮಗೆಲ್ಲ ಒಳಗೇ ಒಂದು ಹೆದರಿಕೆ. ನಾಯಿಗೆ ಬರುವ ಉಣುಗಿನ ಜ್ವರ ಬೇರೆ, ಎರ್ಲಿಕಿಯಾ, ಬೆಬೀಸಿಯಾ ಅಂತ ಹೆಸರು ಅವಕ್ಕೆ. ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದರು, ಏನೂ ಕಾಣಲಿಲ್ಲ. ಆದರೂ ಕಾಣದೆ ಇರುವುದುಂಟು ಅಂತ ಡಾಕ್ಸಿಸೈಕ್ಲಿನ್ 28 ದಿನಕ್ಕೆ ಬರೆದುಕೊಟ್ಟರು. ಡ್ರಿಪ್ಪು, ಇಂಜೆಕ್ಷನ್ನು ಈ ಸಲವೂ ಇತ್ತು. ಈ ಸಲವೂ ಎರಡೇ ದಿನಕ್ಕೆ ಎದ್ದಳು.

ಆಗ ಅತ್ತೆ ಒಂದು ಮಾತು ಹೇಳಿದರು. "ಮೂಕ ಪ್ರಾಣಿ ಅದು. ಎಲ್ಲಿ ನೋವು ಅಂತ ಹೇಳೂದಿಲ್ಲ. ನೀನೇ ನೋಡಿ ಬರೆದಿಡು ಮಾರಾಯ್ತಿ." ಅತ್ತೆ ಹಸು ಕರು ಹಾಕಿದ ದಿನ, ಹಾಲು ಕಡಿಮೆಯಾದ ದಿನ ಎಲ್ಲ ಪಂಚಾಂಗದ ಅಂಚಿನಲ್ಲಿ ಬರೆದಿಡುವವರು. ನಾನು ಅಡಿಕೆ ಲೆಕ್ಕದ ಪುಸ್ತಕವನ್ನು ತಿರುಗಿಸಿ, ಹಿಂದಿನ ಹಾಳೆಯಿಂದ ಶುರು ಮಾಡಿದೆ.

ಏನು ಬರೆದೆ ಅಂತ ಹೇಳುತ್ತೇನೆ, ಯಾಕಂದರೆ ಯಾರಿಗಾದರೂ ಉಪಯೋಗ ಆಗುವುದು ಇದೇ. ಎಷ್ಟು ತಿಂದಳು, ವಾಂತಿ ಯಾವ ಹೊತ್ತಿಗೆ, ಬಣ್ಣ ಏನು. ಆ ದಿನ ಮನೆಯಲ್ಲಿ ಏನು ನಡೆದಿತ್ತು. ಯಾವ ಔಷಧ ಕೊಟ್ಟರು, ಕೊಟ್ಟ ಎಷ್ಟು ಹೊತ್ತಿಗೆ ಎದ್ದಳು. ಇಂಜೆಕ್ಷನ್ನಿನ ಖಾಲಿ ಬಾಟಲಿ ಕೇಳಿ ತಂದು, ಅದರ ಚೀಟಿಯನ್ನು ಬಿಡಿಸಿ ಪುಸ್ತಕಕ್ಕೆ ಅಂಟಿಸಿದೆ. ಹಿಂದಿನ ಜೂನಿನದನ್ನೂ ನೆನಪು ಮಾಡಿಕೊಂಡು ಬರೆದೆ. ಲ್ಯಾಬಿನ ಕಾಗದಗಳನ್ನು ತಾರೀಕಿನ ಪ್ರಕಾರ ಹೊಲಿದಿಟ್ಟೆ.

ಡಾಕ್ಟರ ಹತ್ತಿರ ಕೇಳಿ ಇನ್ನು ನಾಲ್ಕು ಕೆಲಸ ಕಲಿತೆ. ಒಂದು ತುಟಿ ಎತ್ತಿ ಒಸಡು ನೋಡುವುದು. ಹೆಬ್ಬೆರಳಿಂದ ಒತ್ತಿದರೆ ಬಿಳಿಯಾಗುತ್ತದೆ, ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಇನ್ನೊಂದು, ಹೆಗಲ ಮೇಲಿನ ಚರ್ಮ ಎಳೆದು ಬಿಡುವುದು. ಅದು ಟಕ್ಕನೆ ಕೂರದಿದ್ದರೆ ಮೈಯಲ್ಲಿ ನೀರು ಕಡಿಮೆ. ಮೂರನೆಯದು ತೊಡೆಯ ಒಳಗೆ ಬೆರಳಿಟ್ಟು ನಾಡಿ ಎಣಿಸುವುದು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. ಇದಕ್ಕೆ ನನಗೆ ಒಂದು ವಾರ ಹಿಡಿಯಿತು. ಆರೋಗ್ಯವಾಗಿದ್ದಾಗಲೇ ಕಲಿತದ್ದು ಒಳ್ಳೆಯದಾಯಿತು, ಅವಳ ಮಾಮೂಲಿ ನಾಡಿ 90ರ ಆಸುಪಾಸು ಅಂತ ಗೊತ್ತಾಯಿತು. ನಾಲ್ಕನೆಯದು ಥರ್ಮಾಮೀಟರ್.

ಸೆಪ್ಟೆಂಬರಿನಲ್ಲಿ ಚೌತಿ. ಊರಿನ ಗಣಪತಿ ಬಿಡುವ ದಿನ ಪಟಾಕಿ. ಎರಡು ದಿನ ಕಳೆದ ಮೇಲೆ ಕೆಂಪಿ ಬಚ್ಚಲ ಒಲೆಗೆ ಅಂಟಿಕೊಂಡು ಮಲಗಿದವಳು ಏಳಲೇ ಇಲ್ಲ. ನಮ್ಮ ಮನೆಯವರು ಥರ್ಮಾಮೀಟರ್ ನೋಡಿ, "98.6 ಇದೆ, ಜ್ವರ ಏನೂ ಇಲ್ಲ" ಅಂದರು. ಮನುಷ್ಯರಿಗೆ ಅದು ಸರಿ. ನಾಯಿಗೆ 101ರಿಂದ 102.5 ಇರಬೇಕು. ಮೈ ತಣ್ಣಗಾಗುತ್ತಿದೆ ಅಂತ ಆಗ ಅರ್ಥವಾಯಿತು. ಒಸಡು ಬಿಳಿ, ಗುಲಾಬಿಯಾಗಲು ನಾಲ್ಕು ಸೆಕೆಂಡ್. ಚರ್ಮ ಎಳೆದರೆ ಹಾಗೇ ನಿಲ್ಲುತ್ತಿತ್ತು. ನಾಡಿ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ, ಮತ್ತೂ ಹದಿಮೂರೇ. ಅಂದರೆ ನಿಮಿಷಕ್ಕೆ 52. ಬರೆದುಕೊಂಡೆ, ಅದರ ಅರ್ಥ ನನಗೆ ಗೊತ್ತಿರಲಿಲ್ಲ.

ಅಂದು ಹೋದ ಕಡೆ ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 3.4 ಬಂತು. ಕಿಡ್ನಿ ಹೋಗಿದೆ, ಇನ್ನು ಕೆಲವು ತಿಂಗಳು ಅಷ್ಟೇ, ತೀರಾ ಸಂಕಟ ಪಟ್ಟರೆ ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದು ಒಳ್ಳೆಯದು ಅಂದರು. ಅವರು ಕರುಣೆಯಿಂದಲೇ ಹೇಳಿದ್ದು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಕರೆತಂದೆವು.

ಆ ವಾರ ನಾನು ಜಗಲಿಯಲ್ಲಿ ಅವಳ ಪಕ್ಕವೇ ಮಲಗಿದೆ. ಹೊರಗೆ ಜೋರು ಮಳೆ. ಬಂದವರೆಲ್ಲ ಒಂದೊಂದು ಹೇಳುತ್ತಿದ್ದರು. ಒಬ್ಬರು ಬ್ರಾಂದಿ ಅಂದರು, ಇನ್ನೊಬ್ಬರು ನಾವು ನುಂಗುವ ನೋವಿನ ಮಾತ್ರೆಯನ್ನೇ ಅರ್ಧ ಕೊಡಿ ಅಂದರು. ಅದನ್ನಂತೂ ದಯವಿಟ್ಟು ಯಾರೂ ಮಾಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಯ ಹೊಟ್ಟೆ, ಕಿಡ್ನಿ, ಲಿವರ್ ಕೆಡಿಸುತ್ತವೆ. ಕಾಯಿಲೆಗೆ ಒಂದು ಹೆಸರಿದ್ದರೆ ಅಳುವುದಕ್ಕಾದರೂ ದಾರಿ ಇರುತ್ತದೆ. ಹೆಸರು ಸಿಕ್ಕಿತ್ತು, ಆದರೆ ನನ್ನ ಮನಸ್ಸು ಅದನ್ನು ಒಪ್ಪುತ್ತಿರಲಿಲ್ಲ. ಯಾಕಂದರೆ ನಾಲ್ಕನೇ ದಿನಕ್ಕೆ ಕೆಂಪಿ ಮತ್ತೆ ಎದ್ದು, ತೋಟದ ಏರಿಯ ಮೇಲೆ ಓಡುತ್ತಿದ್ದಳು. ಐದನೇ ದಿನ ಅಲ್ಲೇ ಮತ್ತೊಮ್ಮೆ ರಕ್ತ ಕೊಟ್ಟು ಬಂದೆವು. ಕ್ರಿಯಾಟಿನಿನ್ 1.3. ಸದ್ಯಕ್ಕೆ ಇಳಿದಿದೆ ಅಂದರು ಅಷ್ಟೆ. ಕಿಡ್ನಿ ಸತ್ತುಹೋದ ಪ್ರಾಣಿಯ ರಕ್ತ ಹೀಗೆ ಸರಿಹೋಗುತ್ತದಾ?

ಅದೇ ಪ್ರಶ್ನೆ ಇಟ್ಟುಕೊಂಡು ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಕೆಂಪಿ ಉದ್ದಕ್ಕೂ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದಳು. ಅಲ್ಲಿ ನೋಡಿದ ಡಾಕ್ಟರು ನಾಯಿಗಿಂತ ಮೊದಲು ಪುಸ್ತಕವನ್ನು ಓದಿದರು. ನಿಧಾನಕ್ಕೆ, ಹಾಳೆ ಹಾಳೆ. 52ರ ಹತ್ತಿರ ಬೆರಳಿಟ್ಟು, "ಇದು ಸರಿಯಾಗಿ ಎಣಿಸಿದ್ದಾ ಮೇಡಂ?" ಅಂದರು. ಎರಡು ಸಲ ಎಣಿಸಿದ್ದೇನೆ ಸಾರ್ ಅಂದೆ.

ಮೈಯಲ್ಲಿ ನೀರು ಇಲ್ಲದೆ ಬಿದ್ದ ನಾಯಿಯ ಎದೆ ಬೇಗ ಬೇಗ ಹೊಡೆದುಕೊಳ್ಳಬೇಕು. ಇವಳದು ಉಲ್ಟಾ ನಿಧಾನವಾಗಿತ್ತು. ಮೂರು ಸಲವೂ ಗಲಾಟೆ, ನೆಂಟರು, ಪಟಾಕಿ ಆದ ಮೇಲೇ ಬಿದ್ದಿದ್ದಳು. ಮೂರು ಸಲವೂ ಡ್ರಿಪ್ ಹಾಕಿದ ಮೇಲೆ ಬೇಗ ಎದ್ದಿದ್ದಳು. ಹಳೆಯ ರಕ್ತದ ಕಾಗದದಲ್ಲಿ ಅವರು ಇನ್ನೊಂದು ತೋರಿಸಿದರು. ಅಷ್ಟು ಕಾಯಿಲೆ ಬಿದ್ದ ನಾಯಿಯಲ್ಲಿ ಲಿಂಫೋಸೈಟ್ ಅನ್ನುವ ಬಿಳಿಕಣ ಕಡಿಮೆಯಾಗಬೇಕು, ಇವಳಲ್ಲಿ ಆಗಿರಲಿಲ್ಲ. ಆ ದಿನವೇ ಸೋಡಿಯಂ, ಪೊಟ್ಯಾಸಿಯಂ ಮಾಡಿಸಿದರು. ಅದುವರೆಗೆ ಯಾರೂ ಮಾಡಿಸಿರಲಿಲ್ಲ. ಸೋಡಿಯಂ 128, ಪೊಟ್ಯಾಸಿಯಂ 7.1. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 18. ಅದು 27ಕ್ಕಿಂತ ಕೆಳಗೆ ಹೋದರೆ ಒಂದು ಕಾಯಿಲೆಯನ್ನು ನೆನೆಯಬೇಕು ಅಂದರು. ಅಡಿಸನ್ಸ್.

ಕಿಡ್ನಿಯ ಪಕ್ಕದಲ್ಲಿ ಅಡ್ರಿನಲ್ ಅಂತ ಪುಟ್ಟ ಗ್ರಂಥಿ ಇರುತ್ತದೆ. ಅದು ಒಸರುವ ಒಂದು ಹಾರ್ಮೋನು ಉಪ್ಪನ್ನು ಮೈಯಲ್ಲಿ ಹಿಡಿದಿಡುತ್ತದೆ, ಕಾರ್ಟಿಸಾಲ್ ಅನ್ನುವ ಇನ್ನೊಂದು ಹೆದರಿಕೆ, ದಣಿವು ಬಂದಾಗ ಮೈಯನ್ನು ಕಾಯುತ್ತದೆ. ದೇಹವೇ ಆ ಗ್ರಂಥಿಯನ್ನು ತಿಂದುಹಾಕಿಬಿಟ್ಟರೆ ಉಪ್ಪು ಮೂತ್ರದಲ್ಲಿ ಹೊರಟುಹೋಗುತ್ತದೆ, ಪೊಟ್ಯಾಸಿಯಂ ಉಳಿದುಕೊಂಡು ಎದೆಬಡಿತವನ್ನು ನಿಧಾನ ಮಾಡುತ್ತದೆ. ಕೊನೆಗೆ ನಿಲ್ಲಿಸಿಯೂ ಬಿಡುತ್ತದೆ. ಡ್ರಿಪ್ಪಿನ ಉಪ್ಪುನೀರು ಹೋದಾಗ ಅದೆಲ್ಲ ತಾತ್ಕಾಲಿಕವಾಗಿ ಸರಿಯಾಗುತ್ತದೆ. ಮನುಷ್ಯರಲ್ಲಿ ಈ ಕಾಯಿಲೆಯನ್ನು ಥಾಮಸ್ ಅಡಿಸನ್ ಅನ್ನುವ ಇಂಗ್ಲೆಂಡಿನ ಡಾಕ್ಟರು 1855ರಲ್ಲಿ ವಿವರಿಸಿದರಂತೆ. ನಾಯಿಗಳಲ್ಲಿ ಜಾಸ್ತಿ ಬರುವುದು ಸಣ್ಣ ವಯಸ್ಸಿನ, ನಡುವಯಸ್ಸಿನ ಹೆಣ್ಣುಗಳಿಗೆ. ಹೊಟ್ಟೆ ಕೆಟ್ಟ ಹಾಗೆ, ಕಿಡ್ನಿ ಕೆಟ್ಟ ಹಾಗೆ, ವಿಷ ತಿಂದ ಹಾಗೆ, ಎಲ್ಲದರ ವೇಷ ಹಾಕಿಕೊಂಡು ಬರುತ್ತದೆ ಇದು. ಅದಕ್ಕೇ ಮೊದಲು ನೋಡಿದವರ ಮೇಲೆ ನನಗೆ ಈಗ ಸಿಟ್ಟಿಲ್ಲ.

ಖಚಿತ ಮಾಡಲು ಒಂದು ಪರೀಕ್ಷೆ ಬೇಕಿತ್ತು. ರಕ್ತ ತೆಗೆದು, ಆ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದು, ಎರಡರಲ್ಲೂ ಕಾರ್ಟಿಸಾಲ್ ಅಳೆಯುವುದು. ಇಲ್ಲೇ ಆ ಅಂಟಿಸಿದ ಚೀಟಿಗಳು ಉಪಯೋಗಕ್ಕೆ ಬಂದದ್ದು. ಜುಲೈಯಲ್ಲಿ ಕೊಟ್ಟಿದ್ದು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್. ಅದು ಮೈಯಲ್ಲಿದ್ದರೆ ಪರೀಕ್ಷೆಯಲ್ಲಿ ಕಾರ್ಟಿಸಾಲಿನ ಹಾಗೇ ಕಾಣುತ್ತದೆ, ಕಾಯಿಲೆ ಮುಚ್ಚಿಹೋಗುತ್ತದೆ. ಸೆಪ್ಟೆಂಬರಿನಲ್ಲಿ ಯಾವ ಸ್ಟೀರಾಯ್ಡೂ ಕೊಟ್ಟಿರಲಿಲ್ಲ ಅಂತ ಪುಸ್ತಕ ನೋಡಿ ಖಾತ್ರಿ ಮಾಡಿಕೊಂಡು, ಅಂದೇ ಪರೀಕ್ಷೆ ಮಾಡಿದರು. ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಉತ್ತರ ಬರುವವರೆಗೆ ಕಾಯದೆ, ಪರೀಕ್ಷೆಗೆ ರಕ್ತ ತೆಗೆದ ಕೂಡಲೇ ಔಷಧ ಶುರು ಮಾಡಿದರು. ಮೂರು ದಿನದ ಮೇಲೆ ಫೋನ್ ಬಂತು. ಮೊದಲ ಸಲ 0.4, ಇಂಜೆಕ್ಷನ್ ಆದ ಮೇಲೆ 0.5. ಎರಡನೆಯದು ಎಷ್ಟೋ ಪಟ್ಟು ಏರಬೇಕಿತ್ತು, ಏರಲೇ ಇಲ್ಲ. ನಾನು ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ವಾಸಿಯಾಗುವ ಕಾಯಿಲೆ ಅಲ್ಲ, ಆದರೆ ಮಾತ್ರೆ ತಪ್ಪದೆ ಕೊಟ್ಟರೆ ಪೂರ್ತಿ ಆಯಸ್ಸು ಬದುಕುತ್ತಾಳೆ ಅಂದಿದ್ದರು.

ಈಗ ಉಪ್ಪು ಹಿಡಿದಿಡುವ ಹಾರ್ಮೋನಿನ ಬದಲಿಗೆ ದಿನಕ್ಕೆ ಎರಡು ಹೊತ್ತು ಫ್ಲೂಡ್ರೊಕಾರ್ಟಿಸೋನ್, ಕಾರ್ಟಿಸಾಲಿನ ಬದಲಿಗೆ ಬೆಳಗ್ಗೆ ಸ್ವಲ್ಪ ಪ್ರೆಡ್ನಿಸೊಲೋನ್. ಎಷ್ಟು ಅಂತ ತೂಕ, ರಕ್ತ ನೋಡಿ ಡಾಕ್ಟರೇ ಹೇಳಬೇಕು, ಅದಕ್ಕೇ ಇಲ್ಲಿ ಲೆಕ್ಕ ಬರೆಯುವುದಿಲ್ಲ. ಕಡುಬಿನ ಚೂರಿಗೆ ತುಪ್ಪ ಸವರಿ ಒಳಗಿಟ್ಟರೆ ಗುಳುಂ ಮಾಡುತ್ತಾಳೆ. ಶುರುವಿನಲ್ಲಿ ವಾರಕ್ಕೊಮ್ಮೆ ರಕ್ತ, ಈಗ ನಾಲ್ಕು ತಿಂಗಳಿಗೊಮ್ಮೆ. ಇದು ಮನುಷ್ಯರ ಮಾತ್ರೆಯೇ, ಆದರೆ ನಮ್ಮ ಪೇಟೆಯ ಮೆಡಿಕಲ್ಲಿನಲ್ಲಿ ಇಟ್ಟಿರುವುದಿಲ್ಲ, ಹೇಳಿ ತರಿಸಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದಾಗುತ್ತದೆ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅದಕ್ಕೆ ಮೇ ಮುಗಿಯುವುದರೊಳಗೆ ಎರಡು ತಿಂಗಳ ಮಾತ್ರೆ ತಂದಿಡುತ್ತೇವೆ. ಅರ್ಧ ಮನೆಯಲ್ಲಿ, ಅರ್ಧ ಪಕ್ಕದ ಮನೆಯಲ್ಲಿ. ಕೆಂಪಿಗೆ ಮಾತ್ರೆ ಕೊಡುವುದು ಮನೆಯ ಎಲ್ಲರಿಗೂ ಗೊತ್ತು, ಅತ್ತೆಗೂ.

ಮುಖ್ಯವಾದದ್ದು ಇನ್ನೊಂದಿದೆ. ಗಲಾಟೆ ಆಗುವ ದಿನ ಇವಳ ಮೈ ತಾನಾಗಿ ಹಾರ್ಮೋನು ಒಸರುವುದಿಲ್ಲ, ನಾವೇ ಕೊಡಬೇಕು. ಬೋರ್ಡೋ ಹೊಡೆಯುವ ದಿನ, ನೆಂಟರು ಬರುವ ದಿನ, ಶಿವಮೊಗ್ಗಕ್ಕೆ ಹೋಗುವ ದಿನ ಡಾಕ್ಟರು ಹೇಳಿದಷ್ಟು ಪ್ರೆಡ್ನಿಸೊಲೋನ್ ಹೆಚ್ಚಿಗೆ. ಇದನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕುತ್ತೇನೆ.

ಕಾಯಿಲೆ ಗೊತ್ತಾದ ವರ್ಷದ ದೀಪಾವಳಿಗೆ ನನಗೆ ಭಯವೇ ಇತ್ತು. ನಮ್ಮಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿ ಮನೆ ಮನೆಗೆ ಹಾಡುತ್ತಾ ಬರುತ್ತಾರೆ. ಬೆಳಗ್ಗೆಯೇ ಹೆಚ್ಚಿನ ಮಾತ್ರೆ ಕೊಟ್ಟಿದ್ದೆ. ರಾತ್ರಿ ಹನ್ನೊಂದೂವರೆಗೆ ಅವರು ಅಂಗಳಕ್ಕೆ ಬಂದರು. ಕೆಂಪಿ ಜಗಲಿಯಿಂದ ಹಾರಿ ಇಳಿದು ಬೊಗಳಿದಳು. ಹಾಡು ಮುಗಿದು ಅವರು ದೀಪಕ್ಕೆ ಎಣ್ಣೆ ಹಾಕಿಸಿಕೊಂಡು ಗೇಟು ದಾಟುವವರೆಗೂ ಬೊಗಳಿದಳು. ಆಮೇಲೆ ಅವಳನ್ನು ಹತ್ತಿರ ಕರೆದು, ತೊಡೆಯೊಳಗೆ ಬೆರಳಿಟ್ಟು ಎಣಿಸಿದೆ. 112. ಪುಸ್ತಕದಲ್ಲಿ ಬರೆದೆ: ರಾತ್ರಿ 12.10, ನಾಡಿ 112, ಒಸಡು ಗುಲಾಬಿ, ಎರಡು ಹೋಳಿಗೆ ಕೇಳಿದಳು, ಒಂದು ಕೊಟ್ಟೆ.