ಫಿಸಿಯೋಥೆರಪಿ ನಡೀತಿರುವಾಗ ಯಾವ ನೋವು ಪರವಾಗಿಲ್ಲ, ಯಾವುದು ಕಂಡ ಕೂಡ್ಲೇ ನಿಲ್ಲಿಸ್ಬೇಕು

ಫಿಸಿಯೋ ಶುರು ಮಾಡಿದವ್ರೆಲ್ಲಾ ಕೇಳೋ ಪ್ರಶ್ನೆ, "ಇಷ್ಟೊಂದು ನೋವು ಆಗ್ಬೇಕಾ?" ಅಂತ. ಸ್ವಲ್ಪ ಆಗತ್ತೆ. ತುಂಬ ದಿನ ಸುಮ್ನಿದ್ದ ಸ್ನಾಯುಗಳಿಗೆ ಕೆಲಸ ಕೊಟ್ಟಾಗ ಎರಡು ಮೂರು ದಿನ ಮೈ ಹಿಡ್ಕೊಂಡಂಗೆ ಇರತ್ತೆ, ಸಾಮಾನ್ಯವಾಗಿ 24ರಿಂದ 72 ಗಂಟೆ ಒಳಗೆ ಅದು ಜೋರಾಗಿದ್ದು ಆಮೇಲೆ ತಾನಾಗೇ ಇಳಿಯತ್ತೆ. ಎಕ್ಸರ್ಸೈಜ್ ಮಾಡಿದ ಮಾರನೇ ದಿನ ಮೊದಲಿಗಿಂತ ಕಡಿಮೆ ನಡೆಯೋಕೆ ಆಗ್ತಿದೆ, ಕೀಲು ಊದಿದೆ ಅಂದ್ರೆ ಡೋಸ್ ಜಾಸ್ತಿ ಆಗಿದೆ ಅಂತ ಅರ್ಥ, ಥೆರಪಿಸ್ಟ್‌ಗೆ ಹೇಳಿ, ಕಡಿಮೆ ಮಾಡ್ತಾರೆ. ಅಷ್ಟಕ್ಕೆ ಗಾಬರಿ ಬೇಡ.

ಗಮನ ಇಡ್ಬೇಕಾಗಿರೋದು ಲೆಕ್ಕಕ್ಕೆ ಸಿಗದ ನೋವಿನ ಮೇಲೆ. ಮೂಳೆ, ಸ್ನಾಯು, ಕೀಲಿನ ನೋವು ಹೆಚ್ಚಾಗಿ ಮಗ್ಗಲು ಬದಲಾಯಿಸಿದ್ರೆ, ಕೂತ್ರೆ, ಮಲಗಿದ್ರೆ ಹೆಚ್ಚೋ ಕಡಿಮೆಯೋ ಆಗ್ತಿರತ್ತೆ. ಹೇಗೆ ಮಲಗಿದ್ರೂ ಬಿಡ್ತಿಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸ್ತಿದೆ, ವಾರದಿಂದ ವಾರಕ್ಕೆ ಏರ್ತಾನೇ ಇದೆ, ಜೊತೆಗೆ ಡಯಟ್ ಏನೂ ಮಾಡ್ದೇ ತೂಕ ಇಳೀತಿದೆ ಅಂದ್ರೆ ಎಕ್ಸರ್ಸೈಜ್ ಬದಲಾಯಿಸಿ ನೋಡೋದಲ್ಲ, ಡಾಕ್ಟರ್ ಹತ್ರ ಹೋಗ್ಬೇಕು. ಹಿಂದೆ ಯಾವಾಗ್ಲೋ ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಕಿಡ್ನಿ, ಥೈರಾಯ್ಡ್ ಕ್ಯಾನ್ಸರ್ ಆಗಿದ್ರೆ ಮೊದಲ ದಿನವೇ ಹೇಳ್ಬಿಡಿ, ಇವು ಮೂಳೆಗೆ ಹರಡೋ ಜಾತಿಯವು, ಗುಣ ಆಗಿ ಎಷ್ಟೋ ವರ್ಷ ಆಯ್ತಲ್ಲಾ ಬೆನ್ನುನೋವಿಗೂ ಅದಕ್ಕೂ ಏನ್ ಸಂಬಂಧ ಅಂತ ಬಿಡ್ಬೇಡಿ. ತುಂಬ ಕಾಲ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ರೂ ಹೇಳ್ಬೇಕು, ಅಂಥವರಿಗೆ ಸಣ್ಣದಾಗಿ ಎಡವಿದ್ರೂ ಬೆನ್ನುಮೂಳೆ ಮುರೀಬಹುದು.

ಆಪರೇಷನ್ ಆದವ್ರು, ಅದ್ರಲ್ಲೂ ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸ್ಕೊಂಡವ್ರು, ಕಾಲಿಗೆ ಪ್ಲಾಸ್ಟರ್ ಹಾಕಿಸ್ಕೊಂಡು ಮಲಗಿದ್ದವ್ರು ಈ ಪ್ಯಾರಾನ ಎರಡು ಸಲ ಓದಿ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋದಕ್ಕೆ ಡಿವಿಟಿ ಅಂತಾರೆ. ಒಂದೇ ಕಾಲಿನ ಮೀನಖಂಡ ಊದ್ಕೊಂಡು, ಮುಟ್ಟಿದ್ರೆ ಬಿಸಿ ಇದ್ದು, ಒತ್ತಿದ್ರೆ ನೋವಾಗತ್ತೆ, ಚರ್ಮ ಕೆಂಪಾಗಬಹುದು. ಟೇಪ್ ಇದ್ರೆ ಮಂಡಿ ಚಿಪ್ಪಿನ ಕೆಳಗೆ ಕೈಗೆ ಸಿಗೋ ಮೂಳೆ ಉಬ್ಬಿನಿಂದ 10 ಸೆಂ.ಮೀ. ಕೆಳಕ್ಕೆ ಎರಡೂ ಕಾಲು ಅಳೆದು ನೋಡಿ, 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಅನುಮಾನ ಗಟ್ಟಿ ಆಗತ್ತೆ, ಆದ್ರೆ ಅಳತೆ ಸರಿ ಇದೆ ಅಂತ ಧೈರ್ಯ ತಗೊಂಡು ಕೂರೋ ಹಾಗಿಲ್ಲ, ಅವತ್ತೇ ಸ್ಕ್ಯಾನ್ ಆಗ್ಬೇಕು. ಮನೆಯವ್ರು ಪ್ರೀತಿಯಿಂದ ಎಣ್ಣೆ ಹಚ್ಚಿ ತಿಕ್ಕೋಕೆ ಬರ್ತಾರೆ, ದಯವಿಟ್ಟು ಬೇಡ ಅನ್ನಿ. ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಇದ್ದಕ್ಕಿದ್ದಂಗೆ ಏದುಸಿರು, ಉಸಿರು ಎಳೆದಾಗ ಎದೆ ಚುಚ್ಚೋದು, ಕೆಮ್ಮಿದಾಗ ರಕ್ತ ಬರೋದು, ಆಗ ಕ್ಲಿನಿಕ್‌ಗೆ ಫೋನ್ ಮಾಡ್ತಾ ಕೂರ್ಬೇಡಿ, ಆಂಬುಲೆನ್ಸ್ ಕರೀರಿ.

ಬೆನ್ನುನೋವು, ಸಯಾಟಿಕಾ (ಬೆನ್ನಿಂದ ಕಾಲಿಗೆ ಇಳಿಯೋ ನರದ ನೋವು) ಅಂತ ಬರೋರು ಹೇಳೋಕೆ ನಾಚ್ಕೊಳ್ಳೋ ವಿಷಯ ಒಂದಿದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ಬೆನ್ನುಹುರಿಯ ಕೊನೇಲಿರೋ ನರಗಳ ಗೊಂಚಲನ್ನ ಒತ್ತಿಬಿಟ್ರೆ ಕೂರೋ ಜಾಗ, ತೊಡೆ ಸಂದು, ಗುಪ್ತಾಂಗದ ಸುತ್ತ ಮರಗಟ್ಟತ್ತೆ, ತೊಳ್ಕೊಳ್ಳುವಾಗ ಕೈ ತಾಗಿದ್ದೇ ಗೊತ್ತಾಗಲ್ಲ. ಮೂತ್ರ ಬರ್ಬೇಕು ಅನ್ಸಿದ್ರೂ ಬರಲ್ಲ ಅಥವಾ ಗೊತ್ತಿಲ್ದೇ ಹೋಗ್ಬಿಡತ್ತೆ, ಎರಡೂ ಕಾಲಲ್ಲಿ ಶಕ್ತಿ ಕುಗ್ಗತ್ತೆ, ಲೈಂಗಿಕ ಸ್ಪರ್ಶ ಗೊತ್ತಾಗೋದು ಕಡಿಮೆ ಆಗತ್ತೆ. ಇದಕ್ಕೆ ಕಾಡಾ ಈಕ್ವೈನಾ ಸಿಂಡ್ರೋಮ್ ಅಂತಾರೆ. ಇದ್ರಲ್ಲಿ ಒಂದೇ ಒಂದು ಹೊಸದಾಗಿ ಶುರುವಾಗಿದ್ರೂ ನಾಳೆ ನೋಡೋಣ ಅನ್ನೋ ಮಾತೇ ಇಲ್ಲ, ಎಮರ್ಜೆನ್ಸಿಗೆ ಹೋಗಿ ಎಂಆರ್‌ಐ ಆಗ್ಬೇಕು, ತಡ ಆದಷ್ಟೂ ಮೂತ್ರದ ಹಿಡಿತ ವಾಪಸ್ ಬರೋ ಸಾಧ್ಯತೆ ಕಮ್ಮಿ. ಥೆರಪಿಸ್ಟ್ ಗಂಡಸೋ ಹೆಂಗಸೋ, ಈ ಪ್ರಶ್ನೆ ಕೇಳಿದ್ರೆ ಮುಜುಗರ ಪಡದೇ ನೇರವಾಗಿ ಉತ್ತರ ಕೊಡಿ.

ಭುಜದ ನೋವಿಗೆ ಬರೋರಲ್ಲೂ ಒಂದು ವಿಚಾರ ಇದೆ. ಕೈ ಎತ್ತಿದ್ರೆ ಇಳಿಸಿದ್ರೆ ಏನೂ ವ್ಯತ್ಯಾಸ ಆಗದೇ, ಮೆಟ್ಟಿಲು ಹತ್ತಿದಾಗ ಅಥವಾ ಸೈಕಲ್ ತುಳಿದಾಗ ಮಾತ್ರ ಎಡಭುಜ, ದವಡೆ, ತೋಳು ಹಿಡ್ಕೊಂಡಂಗಾಗಿ ನಿಂತ್ರೆ ಕಡಿಮೆ ಆಗ್ತಿದ್ರೆ ಅದು ಹೃದಯದ ಕಡೆಯಿಂದ ಬಂದಿರಬಹುದು. ಸಕ್ಕರೆ ಕಾಯಿಲೆ ಇರೋರಿಗೆ ಎದೆನೋವೇ ಇಲ್ದೇ ಬರೀ ಸುಸ್ತು, ಬೆವರು, ಉಬ್ಬಸ ಆಗೋದೂ ಉಂಟು. ಸುಮ್ನೆ ಕೂತಿದ್ರೂ ನೋವು ಬಿಡ್ತಿಲ್ಲ ಅಂದ್ರೆ ಆಂಬುಲೆನ್ಸ್. ಸಕ್ಕರೆ ಕಾಯಿಲೆ ಇರೋರಿಗೆ ಸೆಷನ್ ಮಧ್ಯೆ ಕೈ ನಡುಕ, ತಣ್ಣನೆ ಬೆವರು ಬಂದ್ರೆ ಮೊದಲು ಶುಗರ್ ಚೆಕ್ ಮಾಡಿ, 70ಕ್ಕಿಂತ ಕೆಳಗಿದ್ರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ತಗೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಹತ್ರ ಇಲ್ಲ ಅಂದ್ರೂ ಗ್ಲೂಕೋಸ್ ತಗೊಳ್ಳಿ, ಕಾಯೋದು ಬೇಡ.

ಕತ್ತಿನ ಟ್ರೀಟ್ಮೆಂಟ್ ಆಗ್ತಿರುವಾಗ ಅಥವಾ ಆದ್ಮೇಲೆ ತಲೆಸುತ್ತು, ಎರಡೆರಡು ಕಾಣೋದು, ಮಾತು ತೊದಲೋದು, ನುಂಗೋಕೆ ಕಷ್ಟ, ಮುಖದ ಒಂದು ಭಾಗ ಜೋಮು ಹಿಡಿಯೋದು, ಹಿಂದೆಂದೂ ಬರದಂಥ ತಲೆನೋವು, ಇವು ಮಿದುಳಿಗೆ ಹೋಗೋ ರಕ್ತನಾಳಕ್ಕೆ ಪೆಟ್ಟಾಗಿರೋ ಲಕ್ಷಣ ಇರಬಹುದು, ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗ್ಬೇಕು. ಇನ್ನು ಜ್ವರ, ಚಳಿ, ಗಾಯದಿಂದ ಕೀವು, ಕೆಂಪಗೆ ಬಿಸಿಯಾಗಿ ಮುಟ್ಟೋಕೇ ಆಗದ ಕೀಲು ಅಂದ್ರೆ ಸೋಂಕು ಇರಬಹುದು, ಆ ಕೀಲನ್ನ ಬಗ್ಗಿಸೋ ಪ್ರಯತ್ನ ಬೇಡ, ಅವತ್ತೇ ತೋರಿಸಿ.

ಪ್ರತಿ ಸೆಷನ್ ಶುರುವಿನಲ್ಲಿ ಕಳೆದ ಸಲದಿಂದ ಹೊಸದಾಗಿ ಏನಾಯ್ತು ಅಂತ ಒಂದು ನಿಮಿಷ ಹೇಳಿ, ರಕ್ತ ತೆಳು ಮಾಡೋ ಮಾತ್ರೆ ಶುರು ಆಗಿದ್ರೂ ಅದೂ ಬರ್ಬೇಕು. ಎಷ್ಟೋ ಜನ "ಅವ್ರಿಗೆ ಬೇಜಾರಾಗತ್ತೆ" ಅಂತ ಹಲ್ಲು ಕಚ್ಕೊಂಡು ಸುಮ್ನಿರ್ತಾರೆ. ಸಾಕು ನಿಲ್ಲಿಸಿ ಅನ್ನೋ ಹಕ್ಕು ನಿಮ್ಮದು, ಒಳ್ಳೇ ಥೆರಪಿಸ್ಟ್ ಅದಕ್ಕೆ ಬೈಯಲ್ಲ. ಟೆಸ್ಟ್ ಮಾಡಿಸಿ ಏನೂ ಇಲ್ಲ ಅಂತ ಬಂದ್ರೆ ಆ ರಿಪೋರ್ಟ್ ತಂದು ತೋರಿಸಿ, ಡಾಕ್ಟರ್ ಸರಿ ಅಂದ ದಿನದಿಂದ ಎಕ್ಸರ್ಸೈಜ್‌ನ ಮತ್ತೆ ಹಗುರವಾಗಿ ಶುರು ಮಾಡಬಹುದು.