ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ವರ್ಚುವಲ್ ಮಷಿನ್ ಸಾಕೇ, ಡ್ಯುಯಲ್ ಬೂಟ್ ಬೇಕೇ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡ ಶಿರಸಿಯ ಅಡಿಕೆ ವಖಾರಿಗೂ ಕುಮಟಾದ ಟೈಪಿಂಗ್ ಅಂಗಡಿಗೂ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯತ್ತ ನೋಡಲು ಒಳ್ಳೆಯ ಕಾರಣವಿದೆ. ಆದರೆ ಟ್ಯಾಲಿಯ ಲೆಕ್ಕಪತ್ರಗಳೂ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಿಸಿಟ್ಟ ಕಡತಗಳೂ ವಿಂಡೋಸನ್ನೇ ಬೇಡುವುದರಿಂದ ಅದನ್ನು ಅಳಿಸಿಹಾಕುವಂತಿಲ್ಲ, ಎರಡನ್ನೂ ಇಟ್ಟುಕೊಳ್ಳಬೇಕು.

ಇದಕ್ಕೆ ದಾರಿಗಳು ಎರಡು. ಡ್ಯುಯಲ್ ಬೂಟ್‌ನಲ್ಲಿ ಡಿಸ್ಕನ್ನು ಪಾಲು ಮಾಡಿ ಎರಡು ವ್ಯವಸ್ಥೆಗಳನ್ನು ಸ್ಥಾಪಿಸಲಾಗುತ್ತದೆ, ಯಂತ್ರ ಆನ್ ಮಾಡಿದಾಗ ಒಂದನ್ನು ಆರಿಸಿಕೊಳ್ಳಬೇಕು. ವರ್ಚುವಲ್ ಮಷಿನ್‌ನಲ್ಲಿ ಎರಡನೆಯದು ಮೊದಲನೆಯದರೊಳಗೇ ಒಂದು ಕಿಟಕಿಯಾಗಿ ಓಡುತ್ತದೆ. ಯಾವುದು ಸರಿ ಎಂಬುದನ್ನು ಬಹುತೇಕ ರ‍್ಯಾಮ್ ನಿರ್ಧರಿಸುತ್ತದೆ. 4 ಜಿಬಿ ಮಾತ್ರ ಇದ್ದರೆ ಎರಡು ವ್ಯವಸ್ಥೆಗಳು ಒಟ್ಟಿಗೆ ಓಡಲಾರವು, ಆಗ ಡ್ಯುಯಲ್ ಬೂಟ್ ಅನಿವಾರ್ಯ. 8 ಜಿಬಿ ಇದ್ದವರು ಮೊದಲು ವರ್ಚುವಲ್ ಮಷಿನ್ ಮಾಡಿ ನೋಡುವುದೇ ಲೇಸು. 16 ಜಿಬಿ ಇದ್ದರಂತೂ ಯೋಚಿಸುವ ಅಗತ್ಯವೇ ಇಲ್ಲ.

ವರ್ಚುವಲ್ ಮಷಿನ್‌ಗಾಗಿ ಮೊದಲು ಬಯಾಸ್‌ಗೆ, ಅಂದರೆ ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಿಗೆ ಹೋಗಿ, ಇಂಟೆಲ್ ಪ್ರೊಸೆಸರ್ ಆಗಿದ್ದರೆ ವಿಟಿ-ಎಕ್ಸ್ ಅಥವಾ ವರ್ಚುವಲೈಸೇಶನ್ ಟೆಕ್ನಾಲಜಿ ಎಂಬುದನ್ನೂ ಎಎಮ್‌ಡಿ ಆಗಿದ್ದರೆ ಎಸ್‌ವಿಎಮ್ ಎಂಬುದನ್ನೂ ಆನ್ ಮಾಡಬೇಕು. ನಂತರ ವರ್ಚುವಲ್ ಮಷಿನ್ ಓಡಿಸುವ, ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಸ್ಥಾಪಿಸಿ, ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ಐಎಸ್‌ಒ ಕಡತವನ್ನು (ಸ್ಥಾಪನೆಗೆ ಬೇಕಾದ ಡಿಸ್ಕಿನ ಪ್ರತಿ) ಅದಕ್ಕೆ ಕೊಟ್ಟು, 3-4 ಜಿಬಿ ರ‍್ಯಾಮ್ ಮತ್ತು 30 ಜಿಬಿ ಡಿಸ್ಕ್ ನಿಗದಿ ಮಾಡಿದರೆ ಸಾಕು. ರ‍್ಯಾಮ್ ನಿಗದಿಪಡಿಸುವ ಪಟ್ಟಿಯಲ್ಲಿ ಹಸಿರು ಭಾಗ ದಾಟಿ ಕೆಂಪಿಗೆ ಹೋಗಬಾರದು. ಸ್ಥಾಪನೆಯಾದ ಕೂಡಲೇ ಗೆಸ್ಟ್ ಅಡಿಶನ್ಸ್ ಎಂಬ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶವನ್ನು ಹಾಕಿಕೊಳ್ಳದಿದ್ದರೆ ಪರದೆ ಪೂರ್ತಿ ತುಂಬುವುದಿಲ್ಲ, ಎರಡೂ ಕಡೆಯಿಂದ ತೆರೆಯಬಹುದಾದ ಫೋಲ್ಡರ್ ಕೂಡ ಸಿಗುವುದಿಲ್ಲ. ಏನನ್ನಾದರೂ ಬದಲಿಸುವ ಮುನ್ನ ಆ ಹೊತ್ತಿನ ಸ್ಥಿತಿಯ ಪ್ರತಿಯಾದ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು, ಮತ್ತು ಈ ಸೌಲಭ್ಯವೊಂದಕ್ಕಾಗಿಯೇ ಹೊಸಬರಿಗೆ ಈ ದಾರಿಯನ್ನು ಹೇಳಬೇಕೆನಿಸುತ್ತದೆ.

ವಿಂಡೋಸ್ 11ಕ್ಕೆ ಏರಲಾಗದ ಯಂತ್ರದಲ್ಲಿ ಇದನ್ನೇ ತಿರುವುಮುರುವು ಮಾಡಬಹುದು: ಲಿನಕ್ಸ್ ಮುಖ್ಯ ವ್ಯವಸ್ಥೆಯಾಗಿ, ಇಂಟರ್ನೆಟ್ ಕಡಿತಗೊಳಿಸಿದ ವಿಂಡೋಸ್ ಅದರೊಳಗೆ ಹಳೆಯ ನುಡಿ ಕಡತಗಳಿಗಷ್ಟೇ ಮೀಸಲಾಗಿರಲಿ. ಹಾಗೆ ಮಾಡುವಾಗ ಒಳಗಿನ ವಿಂಡೋಸ್‌ಗೂ ಸರಿಯಾದ ಲೈಸೆನ್ಸ್ ಬೇಕೆಂಬುದನ್ನು ಮರೆಯಬಾರದು.

ಡ್ಯುಯಲ್ ಬೂಟ್‌ನಲ್ಲಿ ಯಂತ್ರದ ಪೂರ್ಣ ವೇಗ ಸಿಗುತ್ತದೆ, ಆದರೆ ಅಪಾಯವೆಲ್ಲ ಪಾರ್ಟಿಷನ್ (ಡಿಸ್ಕಿನ ಪಾಲು) ಕುಗ್ಗಿಸುವ ಆ ಹೊತ್ತಿನಲ್ಲಿದೆ. ಆಷಾಢದ ಮಳೆಯಲ್ಲಿ ಮರ ಬಿದ್ದು ಯಾವ ಗಳಿಗೆಯಲ್ಲಿ ಕರೆಂಟ್ ಹೋಗುತ್ತದೆಂದು ಹೇಳಲಾಗದ ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಹಿಡಿದುಕೊಂಡು ಈ ಕೆಲಸಕ್ಕೆ ಕೂರಲೇಬಾರದು. ಬ್ಯಾಟರಿ ತುಂಬಿರಲಿ, ಸಾಧ್ಯವಾದರೆ ಇನ್ವರ್ಟರ್ ಕೂಡ ಇರಲಿ. ಟ್ಯಾಲಿಯ ಡೇಟಾ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ, ಆ ನಕಲು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಬೇಕು, ಏಕೆಂದರೆ ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ವಿಂಡೋಸ್ ಬೇಗ ತೆರೆಯಲೆಂದಿರುವ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗಿರಬೇಕು; ಇಲ್ಲವಾದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ, ಅದರ ಡ್ರೈವ್‌ಗಳಿಗೆ ಲಿನಕ್ಸ್‌ನಿಂದ ಬರೆಯಲು ಸಾಧ್ಯವಾಗುವುದಿಲ್ಲ. ಇಷ್ಟಾದ ಬಳಿಕ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಸಿ ಡ್ರೈವ್ ಕುಗ್ಗಿಸಿ ಸುಮಾರು 50 ಜಿಬಿ ಖಾಲಿ ಬಿಟ್ಟು, ಲಿನಕ್ಸ್ ತುಂಬಿದ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಆ ಖಾಲಿ ಜಾಗದಲ್ಲಿ ಸ್ಥಾಪಿಸಬೇಕು. ‘ಇಡೀ ಡಿಸ್ಕ್ ಅಳಿಸಿ’ ಎಂಬ ಆಯ್ಕೆಯನ್ನು ಮಾತ್ರ ಮುಟ್ಟಬಾರದು.

ಸ್ಥಾಪನೆಯ ನಂತರ ಗಡಿಯಾರ ಗೊಂದಲ ಹುಟ್ಟಿಸಬಹುದು. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯವೆಂದೂ ಲಿನಕ್ಸ್ ಜಾಗತಿಕ ಸಮಯವೆಂದೂ ಓದುವುದರಿಂದ, ಬೆಳಿಗ್ಗೆ 10 ಗಂಟೆಗೆ ಲಿನಕ್ಸ್ ತೆರೆದರೆ ಮಧ್ಯಾಹ್ನ 3:30 ಎಂದು ತೋರಿಸೀತು. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸ್‌ನಲ್ಲಿ ಒಮ್ಮೆ ಸೂಚಿಸಿದರೆ ಐದೂವರೆ ಗಂಟೆಯ ಈ ಅಂತರ ಹೋಗುತ್ತದೆ. ವಿಂಡೋಸ್ ದೊಡ್ಡ ಅಪ್‌ಡೇಟ್ ಆದ ಬಳಿಕ ಆಯ್ಕೆಯ ಪಟ್ಟಿಯೇ ಕಾಣದಿದ್ದರೂ ಲಿನಕ್ಸ್ ಅಳಿದುಹೋಗಿದೆ ಎಂದು ತಿಳಿಯಬೇಕಾಗಿಲ್ಲ. ಬಯಾಸ್‌ನ ಬೂಟ್ ಕ್ರಮದಲ್ಲಿ ಅದನ್ನು ಮತ್ತೆ ಮೇಲಕ್ಕೆ ತಂದರೆ ಹೆಚ್ಚಿನ ಸಂದರ್ಭಗಳಲ್ಲಿ ಪಟ್ಟಿ ಮರಳಿ ಬರುತ್ತದೆ.